ಬಾವಲಿಯಲ್ಲಿ ಹೊಸ ವೈರಸ್ ಸಿಕ್ಕರೆ ಹುಣಸಿ ಗಿಡ ಕಡೀಬೇಕಾ?

ಮೂರ್ನಾಲ್ಕು ತಿಂಗಳಿಗೊಮ್ಮೆ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಓಡಾಡುತ್ತದೆ: "ಬಾವಲಿಗಳಲ್ಲಿ ಹೊಸ ವೈರಸ್ ಪತ್ತೆ!" ಕೆಳಗೆ ಹಲ್ಲು ಕಿಸಿದ ಬಾವಲಿಯ ಫೋಟೋ. ಅದು ಬಂದ ಎರಡು ದಿನಕ್ಕೆ ನನಗೆ ಫೋನ್ ಶುರು. "ಅಣ್ಣಾ, ನಮ್ಮ ಬದುವಿನ ಹುಣಸಿ ಗಿಡದಾಗ ನೂರಾರು ಬಾವಲಿ ಜೋತು ಬಿದ್ದಾವ, ಗಿಡ ಕಡಿಸಿಬಿಡ್ಲೇನ್ರಿ?" ಅಂತ ಒಬ್ಬ. "ಪೇರಲ ಕಚ್ಚಿ ಕಚ್ಚಿ ಒಗೀತಾವ್ರಿ, ಆಡಿಗಿ ಹಾಕಿದ್ರ ನಡೀತದೇನು?" ಅಂತ ಇನ್ನೊಬ್ಬ.

ಎರಡನೇ ಪ್ರಶ್ನೆ ಬಹಳ ಒಳ್ಳೇದು. ಮೊದಲನೇದು ದಾರಿ ತಪ್ಪಿದ ಪ್ರಶ್ನೆ. ಯಾಕೆ ಅನ್ನೋದು ತಿಳಿಯಬೇಕಂದ್ರೆ ಈ "ಹೊಸ ವೈರಸ್ ಪತ್ತೆ" ಅನ್ನೋ ಮಾತಿನ ಒಳಗೆ ಏನಿದೆ ಅಂತ ನೋಡಬೇಕು. ಸುದ್ದಿ ಸುಳ್ಳಲ್ಲ, ವೈರಸ್ ಸಿಗೋದು ನಿಜ. ಆದರೆ ಸಿಗೋದಕ್ಕೂ ರೋಗ ಬರೋದಕ್ಕೂ ನಡುವೆ ದೊಡ್ಡ ಹಳ್ಳ ಇದೆ. ಆ ಹಳ್ಳಕ್ಕೆ ಸೇತುವೆ ಕಟ್ಟೋದು ಸಾಮಾನ್ಯವಾಗಿ ನಾವೇ.

ನಮ್ಮ ಜಿಲ್ಲೆಯವರಿಗೆ ಹೆದರಿಕೆ ಬರೋದು ಸಹಜ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆದದ್ದೇ ಕಲಬುರಗಿಯ ಒಬ್ಬ ಹಿರಿಯರದ್ದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಮನೆಗಳಲ್ಲಿ ಆ ಎರಡು ವರ್ಷದ ನೋವು ಇನ್ನೂ ಆರಿಲ್ಲ. ಹಾಗಾಗಿ ಬಾವಲಿ ಅಂದರೆ ಎದೆ ಝಲ್ಲೆನ್ನುವುದಕ್ಕೆ ಯಾರನ್ನೂ ನಗಬಾರದು. ಭಯ ಇರಲಿ, ಆದರೆ ಅದು ಕೊಡಲಿ ಹಿಡಿದುಕೊಂಡು ಹುಣಸಿ ಗಿಡದ ಕಡೆ ಹೋಗಬಾರದು.

ಮೊದಲು ನಮಗೆ ಗೊತ್ತಿರುವ ಒಂದು ವೈರಸ್

ತೊಗರಿ ಬೆಳೆಯುವವರಿಗೆ ಎನ್‌ಪಿವಿ ಗೊತ್ತು. ಕಾಯಿಕೊರಕ ಹುಳಕ್ಕೆ, ಅಂದರೆ ನಮ್ಮ ಮಾತಿನ "ಕೀಡಿ"ಗೆ, ಸಂಜೆ ಹೊತ್ತು ಹೊಡೆಯುವ ದ್ರಾವಣ. ಅದು ಔಷಧಿಯಲ್ಲ, ವೈರಸ್ಸೇ. ಹುಳ ಅದನ್ನು ಎಲೆ ಜೊತೆ ತಿಂದು ನಾಲ್ಕೈದು ದಿನದಲ್ಲಿ ತಲೆಕೆಳಗಾಗಿ ಜೋತು ಸಾಯುತ್ತದೆ. ಅದೇ ಹೊಲದಲ್ಲಿ ಓಡಾಡುವ ನಮಗೆ, ಎತ್ತಿಗೆ, ಜೇನುನೊಣಕ್ಕೆ ಏನೂ ಆಗೋದಿಲ್ಲ. ಬೆಂಡಿಯ ಹಳದಿ ನಂಜು ರೋಗವೂ ವೈರಸ್ಸೇ. ಆ ಬೆಂಡಿಕಾಯಿ ನಾವು ಪಲ್ಯ ಮಾಡಿ ತಿಂದಿದ್ದೇವೆ, ಯಾರಿಗೂ ಹಳದಿ ನಂಜು ಬಂದಿಲ್ಲ.

ಪ್ರತಿ ವೈರಸ್ಸಿಗೂ ತನ್ನದೇ ಕೀಲಿಕೈ, ತನ್ನದೇ ಬೀಗ. ಜೀವಕೋಶದ ಮೇಲಿನ ಬೀಗಕ್ಕೆ ಕೀಲಿ ಹೊಂದಿದರೆ ಮಾತ್ರ ಒಳಗೆ ಹೋಗುತ್ತದೆ. ಬಾವಲಿಯೊಳಗಿನ ವೈರಸ್‌ಗಳಲ್ಲಿ ಬಹುಪಾಲು ಬಾವಲಿಯ ಬೀಗಕ್ಕಷ್ಟೇ ಹೊಂದುವಂಥವು. ಕೆಲವು ಮಾತ್ರ ನಮ್ಮ ಬೀಗಕ್ಕೂ ಹೊಂದುತ್ತವೆ, ಅಥವಾ ಬದಲಾಗುತ್ತಾ ಹೊಂದಿಕೊಳ್ಳುತ್ತವೆ. ವಿಜ್ಞಾನಿಗಳು ಹುಡುಕುತ್ತಿರುವುದು ಆ ಕೆಲವನ್ನು.

ಹುಡುಕೋದು ಹೆಂಗ?

ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಸಸ್ತನಿ ಜಾತಿಗಳಲ್ಲಿ ಐದರಲ್ಲಿ ಒಂದು ಬಾವಲಿ. ಭಾರತದಲ್ಲಿ ಸುಮಾರು 130 ಜಾತಿ. ಹುಣಸಿ, ಆಲ, ಅರಳಿ ಗಿಡದಲ್ಲಿ ಹಗಲೆಲ್ಲ ಜೋತಾಡುವ ದೊಡ್ಡದು ತೊಗಲಬಾವಲಿ. ಹಾಳುಬಾವಿ, ಪಾಳು ಗುಡಿ, ಹಳೇ ಕಟ್ಟಡಗಳ ಕತ್ತಲಲ್ಲಿ ಇರುವ ಸಣ್ಣವು ಬೇರೆ. ಅದರಲ್ಲಿ ಕೆಲವು ಹಣ್ಣು ತಿನ್ನುತ್ತವೆ, ಬಹಳಷ್ಟು ಹುಳ ತಿನ್ನುತ್ತವೆ.

ಸಂಶೋಧಕರ ತಂಡ ಅರಣ್ಯ ಇಲಾಖೆಯ ಅನುಮತಿ ಪಡೆದು ಸಂಜೆ ತೆಳು ಬಲೆ ಕಟ್ಟುತ್ತದೆ. ಮೈತುಂಬ ರಕ್ಷಣಾ ಉಡುಪು, ದಪ್ಪ ಕೈಗವಸು, ಮಾಸ್ಕ್. ಬಿದ್ದ ಬಾವಲಿಯ ಗಂಟಲು ಮತ್ತು ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ. ಕೋವಿಡ್ ಟೆಸ್ಟಿನಲ್ಲಿ ನಮ್ಮ ಮೂಗಿಗೆ ಹಾಕಿದ್ದರಲ್ಲ, ಅಂಥದ್ದೇ. ಒಂದಿಷ್ಟು ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಇನ್ನೊಂದು ಸುಲಭ ದಾರಿ ಅಂದರೆ, ಬೆಳಗಿನ ಜಾವಕ್ಕೆ ಮೊದಲೇ ಗಿಡದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲಿಂದ ಬೀಳುವ ಮೂತ್ರ, ಹಿಕ್ಕೆ ಹಿಡಿಯುವುದು. ಬಾವಲಿಯನ್ನು ಮುಟ್ಟುವ ಕೆಲಸವೇ ಇಲ್ಲ. ರಾಶಿ ಮಾಡುವಾಗ ತಾಡಪತ್ರಿ ಹಾಸಿದ ಹಾಗೆ ಅಂದುಕೊಳ್ಳಿ.

ಮಾದರಿ ತಣ್ಣಗಿನ ಡಬ್ಬಿಯಲ್ಲಿ ಲ್ಯಾಬಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ದೊಡ್ಡ ಹೆಸರು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಅಂತ ಶುರುವಾದದ್ದು. ಅಲ್ಲಿ ಪಿಸಿಆರ್ ಮಾಡುತ್ತಾರೆ. ಗೊತ್ತಿಲ್ಲದ ವೈರಸ್ಸನ್ನು ಪಿಸಿಆರ್ ಹೇಗೆ ಹಿಡಿಯುತ್ತೆ ಅನ್ನೋದೇ ಇದರಲ್ಲಿ ಚೆಂದದ ವಿಷಯ. ಒಂದು ವೈರಸ್ ಕುಟುಂಬದ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವ ಜೀನಿನ ತುಣುಕೊಂದು ಇರುತ್ತದೆ. ಅದನ್ನು ಹಿಡಿದು ಹುಡುಕಿದರೆ, ಊರಲ್ಲಿ ಅಡ್ಡಹೆಸರು ಹಿಡಿದು ಹುಡುಕಿದ ಹಾಗೆ. "ಪಾಟೀಲರು ಯಾರ್ಯಾರು ಅದಾರ ಕರೀರಿ" ಅಂದರೆ ನಮಗೆ ಪರಿಚಯವೇ ಇಲ್ಲದ ಪಾಟೀಲನೂ ಬಂದು ನಿಲ್ಲುತ್ತಾನೆ. ಆಮೇಲೆ ಅವನ ಪೂರ್ತಿ ಜಾತಕ ಓದುವುದು ಸೀಕ್ವೆನ್ಸಿಂಗ್. ಈಚೆಗೆ ಅಡ್ಡಹೆಸರಿನ ಗೊಡವೆಯೂ ಇಲ್ಲದೆ ಮಾದರಿಯಲ್ಲಿರುವ ಎಲ್ಲ ಜೀನುಗಳನ್ನೂ ಒಟ್ಟಿಗೆ ಓದಿಬಿಡುವ ಯಂತ್ರಗಳು ಬಂದಿವೆ. ಊರಿಗೆ ಊರನ್ನೇ ಜನಗಣತಿ ಮಾಡಿದಂತೆ. ಅದಕ್ಕೇ ಈಗ "ಹೊಸ ವೈರಸ್" ಸುದ್ದಿ ಇಷ್ಟು ಹೆಚ್ಚು. ವೈರಸ್ಸು ಹೆಚ್ಚಾಗಿದ್ದಕ್ಕಿಂತ ಹೆಚ್ಚಾಗಿ ನೋಡುವ ಕಣ್ಣು ಚುರುಕಾಗಿದೆ.

ಒಂದು ಉದಾಹರಣೆ. 2010ರ ಸಮೀಕ್ಷೆಯಲ್ಲಿ ಪಶ್ಚಿಮ ಭಾರತದಲ್ಲಿ ಹಿಡಿದ ಹಣ್ಣುಬಾವಲಿಯಲ್ಲಿ ಪುಣೆ ತಂಡಕ್ಕೆ ಹೊಸ ವೈರಸ್ಸೊಂದು ಸಿಕ್ಕಿತು. ಅದಕ್ಕೆ ಮಲ್ಸೂರ್ ವೈರಸ್ ಅಂತ ಹೆಸರು, 2014ರಲ್ಲಿ ವರದಿ ಪ್ರಕಟವಾಯಿತು. ಚೀನಾ ಕಡೆ ಉಣ್ಣೆಯಿಂದ ಮನುಷ್ಯರಿಗೆ ಜ್ವರ ತರುವ ಒಂದು ವೈರಸ್ಸಿನ ಹತ್ತಿರದ ಸಂಬಂಧಿ ಅದು. ಹಾಗಾಗಿ ಕಣ್ಣಿಡಬೇಕು ಅಂತ ವಿಜ್ಞಾನಿಗಳು ಬರೆದರು. ಅಷ್ಟೇ. ಅದು ಸಿಕ್ಕಿದ್ದಕ್ಕೆ ಯಾರ ಹಳ್ಳಿಯಲ್ಲೂ ರೋಗ ಬರಲಿಲ್ಲ.

ನೂರಕ್ಕೆ ತೊಂಬತ್ತಾರು ಅಂದರೆ ಎಷ್ಟು ಹತ್ತಿರ?

ಫಾರ್ವರ್ಡ್ ಮೆಸೇಜಿನಲ್ಲಿ ಜನ ಮೋಸ ಹೋಗೋದು ಶೇಕಡಾ ಲೆಕ್ಕದಲ್ಲಿ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 2013ರಲ್ಲಿ ತೆಗೆದ ಬಾವಲಿ ಮಾದರಿಯೊಂದರ ವೈರಸ್ಸು ಕೋವಿಡ್ ವೈರಸ್ಸಿಗೆ ಶೇ 96ರಷ್ಟು ಹೋಲುತ್ತದೆ. ಕೇಳಿದರೆ "ಹಂಗಾದ್ರ ಅದೇ ಇದು" ಅನ್ನಿಸುತ್ತದೆ. ಪರೀಕ್ಷೆಯಲ್ಲಿ 96 ಬಂದರೆ ಮಿಠಾಯಿ ಹಂಚ್ತೀವಲ್ಲ! ಆದರೆ ಕೊರೊನಾ ವೈರಸ್ಸಿನ ಜಾತಕದಲ್ಲಿ ಸುಮಾರು 30,000 ಅಕ್ಷರ. ಅದರಲ್ಲಿ ಶೇ 4 ಅಂದರೆ ಸಾವಿರಕ್ಕೂ ಹೆಚ್ಚು ಅಕ್ಷರ ಬೇರೆ. ಅಷ್ಟು ವ್ಯತ್ಯಾಸ ಆಗಲು ದಶಕಗಳು ಬೇಕು. ಅಂದರೆ ಅವೆರಡೂ ಅಣ್ಣ-ತಮ್ಮ ಅಲ್ಲ, ಒಂದೇ ಮುತ್ತಾತನ ದೂರದ ಕವಲುಗಳು.

ಇದಕ್ಕೆ ಎದುರಾಗಿ ಕೇರಳದ ಲೆಕ್ಕ ನೋಡಿ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ಒಂದೇ ಮನೆಯವರಿಗೆ ವಿಚಿತ್ರ ಜ್ವರ, ಮಿದುಳು ಬಾವು. ಮಾದರಿ ಬಂದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ಅದು ನಿಫಾ ಅಂತ ಮೊದಲು ಹೇಳಿತು, ಪುಣೆ ಖಚಿತ ಮಾಡಿತು. ಆಗ ಬಾವಲಿ ಹುಡುಕಾಟ ಶುರುವಾಯ್ತು. ಆ ಮನೆಯ ಬಾವಿಯಲ್ಲಿದ್ದ ಬಾವಲಿಗಳ ಮಾದರಿ ಭೋಪಾಲ್‌ನ ಲ್ಯಾಬಿಗೆ ಹೋಗಿ ನೆಗೆಟಿವ್ ಬಂತು. "ಬಾವಲಿ ಕಾರಣವೇ ಅಲ್ಲ" ಅಂತ ಟಿವಿಯವರು ಕೂಗಿದರು. ಆದರೆ ಆ ಬಾವಿಯವು ಹುಳ ತಿನ್ನುವ ಜಾತಿ. ನಿಫಾದ ಮನೆ ಹಣ್ಣು ತಿನ್ನುವ ತೊಗಲಬಾವಲಿ. ಪುಣೆ ತಂಡ ಅವನ್ನು ಹಿಡಿದು ನೋಡಿದಾಗ ವೈರಸ್ ಸಿಕ್ಕಿತು. ರೋಗಿಗಳಲ್ಲಿ ಸಿಕ್ಕ ವೈರಸ್ಸಿಗೂ ಬಾವಲಿಯದಕ್ಕೂ ಹೋಲಿಕೆ ಶೇ 99.7ರಿಂದ 100. ಹತ್ತಿರ ಅಂದರೆ ಇದು ನೋಡ್ರಿ.

ಹಾಗಾಗಿ ಇನ್ನು ಮುಂದೆ ಸುದ್ದಿ ಬಂದರೆ ಮೂರು ಮಾತು ಹುಡುಕಿ: ಯಾವ ಜಾತಿ ಬಾವಲಿ, ಸಿಕ್ಕಿದ್ದು ಏನು, ಮನುಷ್ಯರಲ್ಲಿ ರೋಗ ಕಂಡಿದೆಯಾ. "ಸಿಕ್ಕಿದ್ದು ಏನು" ಅನ್ನೋದು ಮುಖ್ಯ. ಕೆಲವೊಮ್ಮೆ ಸಿಗುವುದು ವೈರಸ್ ಅಲ್ಲ, ಪ್ರತಿಕಾಯ. ಅಂದರೆ ಹಿಂದೆ ಯಾವಾಗಲೋ ವೈರಸ್ ಬಂದು ಹೋದ ಹೆಜ್ಜೆ ಗುರುತು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧಕರು ನಾಗಾಲ್ಯಾಂಡಿನಲ್ಲಿ ಹೀಗೇ ಒಂದು ಕೆಲಸ ಮಾಡಿದರು, 2019ರಲ್ಲಿ ಪ್ರಕಟವಾಯಿತು. ಅಲ್ಲಿ ಗುಹೆಯ ಬಾವಲಿ ಹಿಡಿಯುವ ಬೇಟೆಗಾರರ ರಕ್ತದಲ್ಲೂ, ಬಾವಲಿಗಳ ರಕ್ತದಲ್ಲೂ ಎಬೋಲಾ ಕುಟುಂಬದ ವೈರಸ್‌ಗಳಿಗೆ ಸ್ಪಂದಿಸುವ ಪ್ರತಿಕಾಯ ಸಿಕ್ಕವು. ಭಾರತದಲ್ಲಿ ಎಬೋಲಾ ರೋಗ ಕಂಡ ದಾಖಲೆಯೇ ಇರಲಿಲ್ಲ! ಅಂದರೆ ಬಾವಲಿಯಿಂದ ಮನುಷ್ಯನಿಗೆ ಏನೋ ದಾಟಿದೆ, ಸದ್ದಿಲ್ಲದೆ ಬಂದು ಹೋಗಿದೆ. ದಾಟಿದ್ದು ಯಾರಿಗೆ? ಕೈಯಾರೆ ಬಾವಲಿ ಹಿಡಿದವರಿಗೆ. ಆ ಮಾತನ್ನು ನೆನಪಿಡಿ.

ನಮ್ಮ ರಾಜ್ಯದ ಬಾವಲಿಗಳ ವಿಷಯಕ್ಕೆ ಬಂದರೆ, 2020ರಲ್ಲಿ ಪುಣೆ ಸಂಸ್ಥೆಯ ಒಂದು ವರದಿ ಬಂತು. ಎರಡು ಬಗೆಯ ಹಣ್ಣುಬಾವಲಿಗಳ 586 ಮಾದರಿಗಳಲ್ಲಿ 25ರಲ್ಲಿ ಬಾವಲಿ ಕೊರೊನಾ ವೈರಸ್ ಸಿಕ್ಕಿತ್ತು. ಕೋವಿಡ್ ತರುವುದಲ್ಲ, ಬೇರೆಯದು. ಅವು ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲದವು. ಕರ್ನಾಟಕದಿಂದ ತೆಗೆದ ಮಾದರಿ ನೆಗೆಟಿವ್. ಅದನ್ನು ಓದಿ ಎದೆ ಉಬ್ಬಿಸುವುದು ಬೇಡ. ಯಾವುದೋ ಒಂದು ದಿನ, ಎಲ್ಲೋ ಒಂದು ಕಡೆ ತೆಗೆದ ಮಾದರಿ ಅದು. ಮೂಲೆಯ ಒಂದು ಹಿಡಿ ಮಣ್ಣು ಕಳಿಸಿ ಇಡೀ ಹೊಲದ ಮಣ್ಣು ಪರೀಕ್ಷೆ ಆಯ್ತು ಅಂದ ಹಾಗೆ ಆಗುತ್ತದೆ. ನಿಫಾದ ಪ್ರತಿಕಾಯಗಳು ಕರ್ನಾಟಕದ ಬಾವಲಿಗಳಲ್ಲೂ ಇರುವುದು ಎನ್‌ಐವಿಯ ಮುಂದಿನ ಸಮೀಕ್ಷೆಯಲ್ಲಿ ಕಂಡಿದೆ.

ಮಂಗನ ಕಾಯಿಲೆಯ ಬಾವಲಿ

ಹಳೇ ಕಥೆ ಒಂದಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಪುಣೆಯ ತಂಡ ಬಂದು ಹೊಸ ವೈರಸ್ ಕಂಡುಹಿಡಿಯಿತು. ಅದೇ ಕೆಎಫ್‌ಡಿ, ಮಂಗನ ಕಾಯಿಲೆ. ಮುಂದೆ ಅದೇ ಕಾಡಿನ ಸೀಮೆಯಲ್ಲಿ ಹುಳ ತಿನ್ನುವ ಬಾವಲಿಯಲ್ಲೂ, ಬಾವಲಿಯ ಮೈಮೇಲಿನ ಉಣ್ಣೆಯ ಜಾತಿಯಲ್ಲೂ ಇದೇ ವೈರಸ್ ಸಿಕ್ಕಿತು. 1969ರಲ್ಲಿ ವರದಿಯಾಗಿದೆ.

ಈಗಿನ ವಾಟ್ಸಾಪ್ ಆಗ ಇದ್ದಿದ್ದರೆ ಹೆಡ್‌ಲೈನ್ ಏನಾಗ್ತಿತ್ತು ಹೇಳಿ? ಮಲೆನಾಡಿನ ಗುಹೆಗುಹೆಗೂ ಬೆಂಕಿ ಬೀಳ್ತಿತ್ತು. ಆದರೆ ಮನುಷ್ಯರಿಗೆ ಕಾಯಿಲೆ ಬರುವ ದಾರಿ ಬೇರೆ: ಕಾಡಿನ ಉಣ್ಣೆ ಕಚ್ಚುವುದು. ಸೌದೆ, ದರಗು ತರಲು, ದನ ಮೇಯಿಸಲು ಕಾಡಿಗೆ ಹೋದವರಿಗೆ ಅದು ಬರುತ್ತದೆ. ಬಾವಲಿಯಲ್ಲಿ ವೈರಸ್ ಇದ್ದದ್ದು ನಿಜ, ರೋಗದ ದಾರಿಯಲ್ಲಿ ಬಾವಲಿ ನಿಂತಿರಲಿಲ್ಲ. ತಡೆಯಬೇಕಾದದ್ದು ದಾರಿಯನ್ನು.

ದಾರಿ ಯಾವುದು?

ದಾರಿ ಬಹಳ ಸಲ ಒಂದು ಕಚ್ಚಿದ ಹಣ್ಣು, ಇಲ್ಲವೇ ಒಂದು ಮಡಕೆ ರಸ.

ಮಲೇಷ್ಯಾದಲ್ಲಿ 1998-99ರಲ್ಲಿ ನಿಫಾ ಮೊದಲು ಕಾಣಿಸಿದ್ದು ಹಂದಿ ಸಾಕಣೆಯವರಲ್ಲಿ. ಹೆಚ್ಚಿನ ಆದಾಯಕ್ಕೆ ಅಂತ ಹಂದಿ ದೊಡ್ಡಿಗಳ ಪಕ್ಕದಲ್ಲೇ ಮಾವು ಮತ್ತಿತರ ಹಣ್ಣಿನ ಗಿಡ ಹಚ್ಚಿದ್ದರು. ನಾವು ಸಮಗ್ರ ಕೃಷಿ ಅಂತೀವಲ್ಲ, ಹಾಗೇ. ಬಾವಲಿ ಹಣ್ಣು ತಿಂದು ಅರ್ಧ ಕೆಳಗೆ ಒಗೆದವು, ಹಂದಿ ತಿಂದವು, ಹಂದಿಯಿಂದ ಮನುಷ್ಯರಿಗೆ ಬಂತು. 265 ಜನರಿಗೆ ಮಿದುಳು ಜ್ವರ, 105 ಸಾವು. ಹತ್ತು ಲಕ್ಷದಷ್ಟು ಹಂದಿ ಕೊಂದರು. ಸಮಗ್ರ ಕೃಷಿ ನಾನೂ ಹೇಳಿಕೊಡುತ್ತೇನೆ, ಅದರಲ್ಲಿ ತಪ್ಪಿಲ್ಲ. ಆದರೆ ದೊಡ್ಡಿಯ ಮೇಲೆ ಹಣ್ಣಿನ ಗಿಡದ ಟೊಂಗೆ ಬಾಗಿರಬಾರದು. ಕೃಷಿಹೊಂಡ, ಕೋಳಿಗೂಡಿನ ಚಿತ್ರ ತೋರಿಸುವ ಯೂಟ್ಯೂಬ್ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳೋದಿಲ್ಲ.

ಬಾಂಗ್ಲಾದೇಶದಲ್ಲಿ ದಾರಿ ಈಚಲ ರಸ. ರಾತ್ರಿ ಗಿಡಕ್ಕೆ ಮಡಕೆ ಕಟ್ಟುತ್ತಾರೆ. ಬಾವಲಿ ಬಂದು ರಸ ನೆಕ್ಕುತ್ತದೆ, ಮಡಕೆಯೊಳಗೆ ಮೂತ್ರ ಮಾಡುತ್ತದೆ. ಕತ್ತಲಲ್ಲಿ ಕಾಣುವ ಕ್ಯಾಮೆರಾ ಇಟ್ಟು ಇದನ್ನು ನೋಡಿದ್ದಾರೆ. ಬೆಳಿಗ್ಗೆ ಹಸಿ ರಸ ಕುಡಿದವರಿಗೆ ನಿಫಾ. ಅಲ್ಲಿ ಈಗ ಮಡಕೆಯ ಮೇಲೆ ಬಿದಿರಿನ ಚಾಪೆಯ ಮರೆ ಕಟ್ಟಲು ಹೇಳಿಕೊಡುತ್ತಿದ್ದಾರೆ. ನಮ್ಮ ಕಡೆ ಈಚಲ ಗಿಡ, ಸಿಂದಿ ಗೊತ್ತಿಲ್ಲದವರು ಯಾರು? ನೀರಾ ಅಂತ ಹೊಸ ಹುಮ್ಮಸ್ಸಿನಲ್ಲಿ ಇಳಿಸುವವರು ಇದ್ದರೆ ಮಡಕೆ ಮುಚ್ಚುವುದನ್ನು ಕಲಿಯಿರಿ. ಮುಚ್ಚದೆ ಇಳಿಸಿದ್ದನ್ನು ಕಾಯಿಸದೆ ಕುಡಿಯಬೇಡಿ.

ಕೋಝಿಕ್ಕೋಡಿನಲ್ಲಿ ಒಟ್ಟು 23 ಮಂದಿಗೆ ಬಂತು, 21 ಮಂದಿ ತೀರಿಹೋದರು ಅಂತ ಅರುಣ್‌ಕುಮಾರ್ ತಂಡದ ಅಧ್ಯಯನ ಲೆಕ್ಕ ಹಾಕಿದೆ. ಮೊದಲಿನ ಒಬ್ಬನನ್ನು ಬಿಟ್ಟರೆ ಉಳಿದವರಿಗೆಲ್ಲ ಮನುಷ್ಯರಿಂದಲೇ ಅಂಟಿದ್ದು, ಬಹಳಷ್ಟು ಆಸ್ಪತ್ರೆಯಲ್ಲಿ. ಕಾಡಿನಿಂದ ದಾಟಿದ್ದು ಒಂದೇ ಒಂದು ಸಲ.

ಓಡಿಸಿದರೆ, ಕೊಂದರೆ ಏನಾಗುತ್ತದೆ

ಈಗ ಹುಣಸಿ ಗಿಡದ ವಿಷಯ.

ಉಗಾಂಡಾದ ಕಿಟಾಕಾ ಗಣಿಯಲ್ಲಿ 2007ರಲ್ಲಿ ಗಣಿ ಕೆಲಸಗಾರರಿಗೆ ಮಾರ್ಬರ್ಗ್ ಅನ್ನೋ ಮಾರಕ ವೈರಸ್ ಬಂತು. ಮೂಲ ಅಲ್ಲಿನ ಬಾವಲಿ. ಮುಂದಿನ ವರ್ಷ ಗಣಿಯ ಬಾವಲಿಗಳನ್ನೆಲ್ಲ ನಾಶ ಮಾಡಿದರು. 2012ರ ಹೊತ್ತಿಗೆ ಹೊಸ ಬಾವಲಿಗಳು ಬಂದು ಸೇರಿಕೊಂಡಿದ್ದವು. ಪರೀಕ್ಷೆ ಮಾಡಿದರೆ, ಮೊದಲು ಶೇ 5ರಷ್ಟು ಬಾವಲಿಗಳಲ್ಲಿದ್ದ ವೈರಸ್ ಈಗ ಶೇ 13ರಲ್ಲಿ! ಅದೇ ವರ್ಷ ಹತ್ತಿರದ ಊರಲ್ಲಿ ಮಾರ್ಬರ್ಗ್ ಮತ್ತೆ ಎದ್ದಿತ್ತು. ಹಳೇ ಬಾವಲಿಗಳಿಗೆ ವೈರಸ್ ಬಂದುಹೋಗಿ ಪ್ರತಿರೋಧ ಬೆಳೆದಿರುತ್ತದೆ. ಅವನ್ನು ತೆಗೆದರೆ ಖಾಲಿ ಜಾಗಕ್ಕೆ ಪ್ರತಿರೋಧ ಇಲ್ಲದ ಹೊಸಬರು ಬರುತ್ತಾರೆ, ವೈರಸ್ಸಿಗೆ ಹಬ್ಬ. ಕೀಟನಾಶಕ ಹೊಡೆದ ಮೇಲೆ ಮಿತ್ರ ಕೀಟ ಸತ್ತು ಬಿಳಿನೊಣ ದುಪ್ಪಟ್ಟಾಗೋದು ನೋಡಿದವರಿಗೆ ಇದು ಹೊಸದೇನಲ್ಲ.

ಆಸ್ಟ್ರೇಲಿಯಾದ ಪಾಠ ಇನ್ನೂ ನೇರ. ಅಲ್ಲಿ 1994ರಲ್ಲಿ ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯನಿಗೆ ಹೆಂಡ್ರಾ ವೈರಸ್ ಬಂತು. ಪೆಗ್ಗಿ ಎಬಿ ಮತ್ತು ಜೊತೆಗಾರರು 25 ವರ್ಷದ ಲೆಕ್ಕ ಇಟ್ಟು 2022ರಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿ ಹೂಬಿಡುವ ಕಾಡು ಕಡಿದಂತೆ ಬಾವಲಿಗಳು ಹಸಿದು ಊರಿಗೆ, ತೋಟಕ್ಕೆ, ಕುದುರೆ ಮೇಯುವ ಕಡೆಗೆ ಬಂದವು. ಹಸಿದ, ಬಳಲಿದ ಬಾವಲಿ ಹೆಚ್ಚು ವೈರಸ್ ಹೊರಹಾಕುತ್ತದೆ. ಕಾಡಲ್ಲಿ ಹೂ ಚೆನ್ನಾಗಿ ಬಿಟ್ಟ ಚಳಿಗಾಲದಲ್ಲಿ ಬಾವಲಿಗಳು ಅತ್ತ ಹೋದವು, ಕುದುರೆಗೆ ದಾಟಿದ ಪ್ರಕರಣವೇ ಇಲ್ಲ.

ಅಂದರೆ ಹೊಲದ ಬದುವಿನ ಹುಣಸಿ ಗಿಡ ಕಡಿದರೆ ಬಾವಲಿ ಮಾಯ ಆಗೋದಿಲ್ಲ. ಹೆದರಿ, ಚದುರಿ, ಊರೊಳಗಿನ ಅರಳಿಕಟ್ಟೆಗೆ ಬರುತ್ತವೆ. ಕೆಳಗೆ ಕೂತ ಹಿರಿಯರ ತಲೆ ಮೇಲೆ ಹಿಕ್ಕೆ. ಪಟಾಕಿ ಹೊಡೆದು ಓಡಿಸುವುದೂ ಇದೇ ಕಥೆ. ಕಾನೂನೂ ಗೊತ್ತಿರಲಿ: 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಯ ಪಟ್ಟಿಗೆ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯ್ತು. "ಬಾವಲಿ ಕೊಂದ್ರ ಯಾರೇನ್ ಕೇಳ್ತಾರ" ಅನ್ನೋ ಕಾಲ ಮುಗಿದಿದೆ. ತೊಗಲಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಹೋದ ಗುಂಪು ಬೇಗ ತುಂಬುವುದಿಲ್ಲ.

ಹೋದರೆ ಹೋಗಲಿ ಅನ್ನಬೇಡಿ, ತೊಗರಿ ಬೆಳೆಯುವ ನಾಡಿನವರು ನಾವು. ಅಮೆರಿಕದ ಟೆಕ್ಸಾಸ್‌ನಲ್ಲಿ ಹುಳ ತಿನ್ನುವ ಬಾವಲಿಗಳು ಹತ್ತಿ, ಮೆಕ್ಕೆಜೋಳದ ಕಾಯಿಕೊರಕದ ಪತಂಗಗಳನ್ನು ರಾತ್ರಿಯೆಲ್ಲ ತಿನ್ನುತ್ತವೆ ಅಂತ ದಾಖಲಾಗಿದೆ. ಆ ಪತಂಗ ನಮ್ಮ ತೊಗರಿ ಕೀಡಿಯ ಒಡಹುಟ್ಟಿದ ಜಾತಿ. ಅಲ್ಲೇ ಒಂದು ಶಿಲೀಂಧ್ರ ರೋಗ ಬಂದು ಬಾವಲಿಗಳು ಸತ್ತ ಕೌಂಟಿಗಳಲ್ಲಿ ರೈತರ ಕೀಟನಾಶಕ ಬಳಕೆ ಶೇ 31ರಷ್ಟು ಏರಿತು ಅಂತ 2024ರ ಅಧ್ಯಯನ ಹೇಳುತ್ತದೆ. ಹಾಳುಬಾವಿಯ ಸಣ್ಣ ಬಾವಲಿಗಳು ಸಂಬಳವಿಲ್ಲದೆ ರಾತ್ರಿ ಪಾಳಿ ಮಾಡುತ್ತಿವೆ. ಅವನ್ನು ಹೊಗೆ ಹಾಕಿ ಓಡಿಸಿ, ಆಮೇಲೆ ಅಂಗಡಿಯಲ್ಲಿ ಉದ್ರಿ ಬರೆಸಿ ಎಣ್ಣಿ ತರುವುದು ಯಾವ ಲೆಕ್ಕ?

ತೋಟದಲ್ಲಿ ಮಾಡಬೇಕಾದ್ದು

ಪೇರಲ, ಸಪೋಟ, ಬಾಳೆ, ಮಾವು, ದ್ರಾಕ್ಷಿ ಇದ್ದವರು ಗಮನಿಸಿ. ಹಲ್ಲಿನ ಗುರುತಿರುವ, ಅರ್ಧ ತಿಂದ, ರಾತ್ರಿ ಬಿದ್ದ ಹಣ್ಣು ತಿನ್ನಬಾರದು, "ಆ ಭಾಗ ಕೊಯ್ದು ತೆಗೆದೆ" ಅಂದರೂ ಬೇಡ. ಆಡು, ಕುರಿ, ಹಂದಿ, ಎಮ್ಮೆಗೂ ಹಾಕಬಾರದು. ಫೋನ್ ಮಾಡಿದ ತಮ್ಮನಿಗೆ ಉತ್ತರ ಇದೇ. ಬೆಳಿಗ್ಗೆ ದನ ಬಿಡುವ ಮೊದಲೇ ಕೈಗವಸು ಹಾಕಿ, ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಆರಿಸಿ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ, ಅವರು ಒಂದು ಆರಿಸಿ ಒಂದು ತಿನ್ನುತ್ತಾರೆ. ಚೆನ್ನಾಗಿರುವ ಹಣ್ಣನ್ನು ತೊಳೆದು ತಿನ್ನಿ, ಸಿಪ್ಪೆ ತೆಗೆಯಲು ಬರುವುದನ್ನು ತೆಗೆದು ತಿನ್ನಿ. ಮಾರುಕಟ್ಟೆಯ ಹಣ್ಣಿಗೆ ಹೆದರಿ ಹಣ್ಣೇ ಬಿಡುವುದು ಬೇಕಿಲ್ಲ, ಅದರ ನಷ್ಟ ನಮಗೇ.

ಹಣ್ಣಿಗೆ ಚೀಲ ಕಟ್ಟುವುದು ಎಲ್ಲಕ್ಕಿಂತ ಒಳ್ಳೆ ಉಪಾಯ. ಪೇರಲಕ್ಕೆ ಕಟ್ಟಿದರೆ ಹಣ್ಣುನೊಣವೂ ತಪ್ಪುತ್ತದೆ, ಬಣ್ಣವೂ ಚೆನ್ನ, ಒಂದು ಖರ್ಚಿಗೆ ಮೂರು ಲಾಭ. ಬಲೆ ಹಾಕುವುದಾದರೆ ಕಣ್ಣು ಒಂದು ಸೆಂಟಿಮೀಟರಿಗಿಂತ ಸಣ್ಣದಿರಲಿ, ಬಿಗಿಯಾಗಿ ಎಳೆದು ಕಟ್ಟಿ. ಸಡಿಲವಾದ ಮೀನು ಬಲೆ ಹಾಕಿದರೆ ಬಾವಲಿ ಸಿಕ್ಕಿ ಒದ್ದಾಡುತ್ತದೆ, ಬಿಡಿಸಲು ಹೋದ ನಿಮಗೆ ಕಚ್ಚುತ್ತದೆ. ತಪ್ಪಿಸಬೇಕಾದ ದಾರಿಯನ್ನು ನಾವೇ ತೆರೆದ ಹಾಗಾಯ್ತು.

ಬಾವಲಿ ಕೂರುವ ಗಿಡದ ಕೆಳಗೆ ದನ ಕಟ್ಟಬೇಡಿ, ಮೇವಿನ ಬಣವೆ ಒಟ್ಟಬೇಡಿ, ನೀರಿನ ತೊಟ್ಟಿ ಇದ್ದರೆ ಜರುಗಿಸಿ. ಕುಡಿಯುವ ನೀರಿನ ಬಾವಿಗೆ ಬಲೆ ಮುಚ್ಚಿ, ಕುದಿಸಿ ಕುಡಿಯಿರಿ.

ಸಾವಯವದವರಿಗೆ ಬೇರೆ ಒಂದು ಮಾತು. ಬಾವಲಿ ಹಿಕ್ಕೆ ಬಂಗಾರದ ಗೊಬ್ಬರ ಅಂತ ಆನ್‌ಲೈನಿನಲ್ಲಿ ಜೋರು ವ್ಯಾಪಾರ ಇದೆ. ಸಾರಜನಕ, ರಂಜಕ ಚೆನ್ನಾಗಿರುವುದು ನಿಜ. ಆದರೆ ಹಾಳುಬಾವಿ, ನೆಲಮಾಳಿಗೆ, ಗುಹೆಗೆ ಇಳಿದು ಒಣಗಿದ ಹಿಕ್ಕೆ ಕೆರೆದು ಚೀಲ ತುಂಬುವ ಕೆಲಸಕ್ಕೆ ನಾನು ಯಾರಿಗೂ ಹೇಳೋದಿಲ್ಲ. ವೈರಸ್ ಬಿಡಿ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಎರೆಗೊಬ್ಬರ, ಕುರಿ ಹಿಕ್ಕೆ ನಮ್ಮಲ್ಲೇ ಬೇಕಾದಷ್ಟಿದೆ. ಮನೆ ಅಟ್ಟದಲ್ಲೋ ಗೋದಾಮಿನಲ್ಲೋ ಬಿದ್ದ ಹಿಕ್ಕೆ ತೆಗೆಯಲೇಬೇಕಾದರೆ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ. ಒಣ ಕಸಬರಿಗೆ ಆಡಿಸಬೇಡಿ.

ಬಿದ್ದ ಬಾವಲಿ, ಸತ್ತ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೀಲ್ಸ್ ಮಾಡಲು ರೆಕ್ಕೆ ಬಿಡಿಸಿ ಹಿಡಿಯುವುದಂತೂ ಬೇಡವೇ ಬೇಡ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಒಂದೇ ಕಡೆ ಹತ್ತಾರು ಬಾವಲಿ ಸತ್ತು ಬಿದ್ದಿದ್ದರೆ ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೂ ಪಶು ವೈದ್ಯರಿಗೂ ತಿಳಿಸಿ. ಬೇಸಿಗೆಯ ಉರಿಗೂ ಹೀಗೆ ಸಾಯುತ್ತವೆ, ಕಾರಣ ಹೇಳಬೇಕಾದವರು ಪರೀಕ್ಷೆ ಮಾಡಿದವರು. ದನಕರುಗಳ ಬಗ್ಗೆ ಅನುಮಾನ ಇದ್ದರೆ 1962, ಜನರ ಜ್ವರದ ಬಗ್ಗೆ 104. ಜ್ವರದ ಜೊತೆ ಗೊಂದಲ, ಮಂಪರು, ಉಸಿರಾಟದ ತೊಂದರೆ ಕಂಡರೆ ಫೋನಿನಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬಾವಲಿ ಅಥವಾ ಕಚ್ಚಿದ ಹಣ್ಣಿನ ಸಂಪರ್ಕ ಆಗಿದ್ದರೆ ಅದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.